ತೋಳಿನ ಬಿಲ್ಲೆಗೆ ಬಾಯಿ ಬಂದದ್ದು

ನರ್ಸಿಂಗ್ ಮುಗಿಸಿ ಸಕ್ಕರೆ ಕಾಯಿಲೆಯ ದವಾಖಾನೆಗಳಿಗೆ ಸೇರುವ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಬಾಯಾರ, ಈ ಕೆಲಸಕ್ಕೆ ಏನು ಓದಿಕೊಂಡು ಬರಬೇಕು? ನರ್ಸಮ್ಮನಿಗೆ ನಮ್ಮ ಕಡೆ ಬಾಯಾರ ಎನ್ನುವುದು. ಓದಿದ್ದೆಲ್ಲ ಮೊದಲ ವಾರದಲ್ಲೇ ಮರೆತುಹೋಗುತ್ತದೆ, ಆ ಚಿಂತೆ ಬಿಡಿ. ಬೇಕಾದದ್ದು ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವ ಕಲೆ, ಮತ್ತು ಡಾಕ್ಟರು ತಪ್ಪು ಹೇಳಿದಾಗ ಸರಿಯಾದ ಹೊತ್ತಿಗೆ ಕೆಮ್ಮುವ ಜಾಣತನ. ಕೆಮ್ಮು ನನಗೆ ಚೆನ್ನಾಗಿ ಬರುತ್ತಿತ್ತು. ಹೀಗಾಗಿ ನಿವೃತ್ತಿಯವರೆಗೂ ಬಾಳಿದೆ.

ನಾನು ಇಡೀ ನೌಕರಿ ಕಳೆದದ್ದು ಚಿಕ್ಕೋಡಿಯ ಒಂದು ಖಾಸಗಿ ದವಾಖಾನೆಯಲ್ಲಿ. ಅದರ ಒಡೆಯರಾದ ಡಾಕ್ಟರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ನಾನೂ ಎನ್ನುತ್ತಿದ್ದೆ, ಅವರು ಎದುರಿಗಿದ್ದಾಗ. ಒಳ್ಳೆಯ ಡಾಕ್ಟರು, ಕೆಟ್ಟ ಸಿಟ್ಟು. ನಿಪ್ಪಾಣಿಯಿಂದ ಅಥಣಿಯವರೆಗಿನ ಸಕ್ಕರೆ ರೋಗಿಗಳನ್ನು ಬೈದು ಬೈದೇ ತೆಳ್ಳಗೆ ಮಾಡಿದ ಮನುಷ್ಯ. ಸಿಹಿ ಬಿಡಿರೆಂದು ರೋಗಿಗೆ ಗದರಿಸಿ, ಪರದೆಯ ಹಿಂದೆ ಹೋಗಿ, ತಮ್ಮ ಚಹಾಕ್ಕೆ ಎರಡು ಚಮಚೆ ಸಕ್ಕರೆ ತುಂಬಿ ತುಂಬಿ ಹಾಕಿಸಿಕೊಳ್ಳುತ್ತಿದ್ದರು. ಹಾಕುತ್ತಿದ್ದವಳು ನಾನೇ, ಆದ್ದರಿಂದ ಗೊತ್ತು.

ನಾನು ಸೇರಿದ ಕಾಲದಲ್ಲಿ ಸಕ್ಕರೆ ನೋಡುವುದೆಂದರೆ ಉಚ್ಚೆ ಕುದಿಸುವುದು. ನೀಲಿ ದ್ರಾವಣಕ್ಕೆ ಕೆಲವು ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಹಿಡಿದರೆ ಬಣ್ಣ ತಿರುಗುತ್ತಿತ್ತು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ ಇದೆ, ಇಟ್ಟಿಗೆ ಬಣ್ಣಕ್ಕೆ ಬಂದರೆ ಸಾಹೇಬರ ಮುಖವೂ ಅದೇ ಬಣ್ಣಕ್ಕೆ ಬರುತ್ತಿತ್ತು. ಆ ವಾಸನೆಯಲ್ಲೇ ಕೂತು ಮಧ್ಯಾಹ್ನದ ಬುತ್ತಿ ಉಂಡಿದ್ದೇನೆ. ಆಮೇಲೆ ಬೆರಳು ಚುಚ್ಚಿ ರಕ್ತ ನೋಡುವ ಪಟ್ಟಿ ಬಂತು. ನಮ್ಮ ಮೂಗಿಗೆ ಬಿಡುಗಡೆಯಾಯಿತು, ರೋಗಿಗಳ ಬೆರಳಿಗೆ ಶಿಕ್ಷೆ ಶುರುವಾಯಿತು.

ವಯಸ್ಸಾದ ಮೇಲೆ ಬರುವ ಸಕ್ಕರೆ ಕಾಯಿಲೆ ಎಲ್ಲರಿಗೂ ಗೊತ್ತು. ನಾನು ಹೇಳಹೊರಟಿರುವುದು ಟೈಪ್ ಒನ್ ಎಂಬುದರ ಬಗ್ಗೆ. ಇದು ಹೆಚ್ಚಾಗಿ ಮಕ್ಕಳಿಗೆ, ಹರೆಯದವರಿಗೆ ಬರುತ್ತದೆ. ಮೈಯೊಳಗೆ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುತ್ತದೆ, ಹೊರಗಿನಿಂದ ಚುಚ್ಚಿಕೊಳ್ಳದೆ ಬದುಕಿಲ್ಲ. ಚುಚ್ಚಿಕೊಂಡು ಊಟ ತಪ್ಪಿಸಿದರೆ ಸಕ್ಕರೆ ಸರ್ರನೆ ಇಳಿಯುತ್ತದೆ. ಬೆವರು, ನಡುಕ, ಅಡ್ಡಾದಿಡ್ಡಿ ಮಾತು, ಆಮೇಲೆ ಎಚ್ಚರವೇ ಇರುವುದಿಲ್ಲ. ಏರಿದ ಸಕ್ಕರೆಗಾದರೆ ದವಾಖಾನೆ ಮುಟ್ಟುವಷ್ಟು ಪುರಸೊತ್ತಿರುತ್ತದೆ. ಇಳಿದ ಸಕ್ಕರೆಗೆ ಅದೂ ಇಲ್ಲ.

ತೋಳಿಗೆ ಅಂಟಿಸುವ ಸೆನ್ಸರ್ ಬಂದಾಗ ನಮ್ಮ ಕಡೆಯವರು ಅದಕ್ಕೆ ಬಿಲ್ಲೆ ಎಂದು ಹೆಸರಿಟ್ಟರು. ದೊಡ್ಡ ನಾಣ್ಯದಷ್ಟು ಬಿಳಿ ಬಿಲ್ಲೆ, ಅದರಡಿಯಲ್ಲಿ ಕೂದಲಿನಂಥ ಒಂದು ಎಳೆ ಚರ್ಮದೊಳಗೆ ಹೋಗಿರುತ್ತದೆ. ಮೊಬೈಲನ್ನು ಹತ್ತಿರ ಹಿಡಿದರೆ ಸಕ್ಕರೆ ಎಷ್ಟಿದೆಯೆಂದು ತೋರಿಸುತ್ತಿತ್ತು. ನಿಪ್ಪಾಣಿಯ ಹೋಟೆಲೊಂದರಲ್ಲಿ ಕಂಪನಿಯವರು ನಮಗೆ ತರಬೇತಿ ಇಟ್ಟಿದ್ದರು. ಪುಣೆಯಿಂದ ಬಂದ ಟೈ ಕಟ್ಟಿದವನೊಬ್ಬ ಗೋಡೆಯ ಮೇಲೆ ಚಿತ್ರ ಬಿಟ್ಟು ಇಂಗ್ಲಿಷಿನಲ್ಲಿ ಸುರಿಯುತ್ತಿದ್ದ. ನಾನು ಎದ್ದು ನಿಂತು, ಸಕ್ಕರೆ ಇಳಿದರೆ ಇದು ತಾನಾಗಿ ಹೇಳುತ್ತದೆಯೇ ಎಂದು ಕೇಳಿದೆ. ಇಲ್ಲ ಮೇಡಂ, ರೋಗಿ ಮೊಬೈಲ್ ಹಿಡಿದು ನೋಡಿಕೊಳ್ಳಬೇಕು ಎಂದ. ಎಚ್ಚರ ತಪ್ಪಿದವಳು ಮೊಬೈಲ್ ಹೇಗೆ ಹಿಡಿಯುತ್ತಾಳೆ ಎಂದೆ. ಅವನು ಮುಂದಿನ ಚಿತ್ರಕ್ಕೆ ಹೋದ. ಊಟಕ್ಕೆ ಗುಲಾಬ್ ಜಾಮೂನು ಮಾಡಿಸಿದ್ದರು.

ಒಟ್ಟಿನಲ್ಲಿ ಆ ಮೊದಲ ಬಿಲ್ಲೆ ಕಚೇರಿಯ ಗುಮಾಸ್ತನ ಜಾತಿಯದು. ಎಲ್ಲವೂ ಅದಕ್ಕೆ ಗೊತ್ತು, ಆದರೆ ನೀವಾಗಿ ಹೋಗಿ ಕೇಳದ ಹೊರತು ಬಾಯಿ ಬಿಡುವುದಿಲ್ಲ. ಅದಕ್ಕೆ ಬಾಯಿ ಬರಿಸಲು ನಾವು ಪಟ್ಟ ಪಾಡು ಉಗಾರ ಬುದ್ರುಕದ ಸಂಗೀತಾಳಿಂದ ಶುರುವಾಯಿತು.

ಸಂಗೀತಾ ನಮ್ಮಲ್ಲಿಗೆ ಮೊದಲು ಬಂದಾಗ ಶಾಲೆಗೆ ಹೋಗುವ ಹುಡುಗಿ. ಬಿಲ್ಲೆ ಬರುವಷ್ಟರಲ್ಲಿ ಡಿಗ್ರಿ ಮುಗಿಸಿದ್ದಳು. ಅಪ್ಪ ಭರಮಪ್ಪ ಕಬ್ಬು ಬೆಳೆಯುವವನು. ಅವ್ವ ಮಾತು ಕಡಿಮೆಯ ಹೆಂಗಸು. ಮನೆಯ ಕಾರಭಾರವೆಲ್ಲ ಭರಮಪ್ಪನ ತಾಯಿ ಗಂಗವ್ವನದು. ಅಜ್ಜಿಯನ್ನು ನಮ್ಮ ಕಡೆ ಆಯಿ ಎನ್ನುತ್ತೇವೆ, ಗಂಗವ್ವ ಆ ಓಣಿಗೆಲ್ಲ ಆಯಿ. ಅವಳಿಗೆ ಕಿವಿ ಮಂದ. ತನಗೆ ಕೇಳದ್ದರಿಂದ ಲೋಕಕ್ಕೂ ಕೇಳುವುದಿಲ್ಲವೆಂದು ತಿಳಿದು ಕೃಷ್ಣೆಯ ಆಚೆ ದಂಡೆಗೆ ಮುಟ್ಟುವ ಹಾಗೆ ಮಾತಾಡುತ್ತಿದ್ದಳು. ಭರಮಪ್ಪನಿಗೆ ಮೀಸೆ ನರೆತಿದ್ದರೂ ತಾಯಿ ಕರೆದರೆ ಕೈಯಲ್ಲಿದ್ದದ್ದು ಬಿಟ್ಟು ಓಡಿ ಬರುತ್ತಿದ್ದ.

ಸಂಗೀತಾಳ ತೊಂದರೆ ಏನೆಂದರೆ, ಬಹಳ ವರ್ಷ ಈ ಕಾಯಿಲೆಯೊಂದಿಗೆ ಬಾಳಿದವರಲ್ಲಿ ಕೆಲವರಿಗೆ ಆಗುವ ಹಾಗೆ, ಸಕ್ಕರೆ ಇಳಿಯುತ್ತಿರುವುದು ಅವಳಿಗೇ ತಿಳಿಯುತ್ತಿರಲಿಲ್ಲ. ಮೈ ಸೂಚನೆ ಕೊಡುವುದನ್ನೇ ಬಿಟ್ಟಿತ್ತು. ಒಮ್ಮೆ ಕಾಲೇಜಿನ ಕೆಲಸಕ್ಕೆಂದು ಹೋದವಳು ಹಾರೂಗೇರಿಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಕಾಯುತ್ತಿದ್ದಾಗ ಸಕ್ಕರೆ ಇಳಿಯಿತು, ತೋಳಿನ ಬಿಲ್ಲೆ ಬಾಯಿ ಬಿಡಲಿಲ್ಲ. ಹುಡುಗಿ ಬೆವತಳು, ತೂರಾಡಿದಳು, ಹೆರಳು ಬಿಚ್ಚಿಹೋಯಿತು, ಏನೇನೋ ಗೊಣಗತೊಡಗಿದಳು. ಬೇರೆ ಊರಿನಲ್ಲಾಗಿದ್ದರೆ ಜನ ಆಟೋ ಕರೆಯುತ್ತಿದ್ದರೇನೋ. ಇಲ್ಲಿ ಒಬ್ಬ ಮುದುಕಿ ಮೈಯಲ್ಲಿ ದೇವಿ ಬಂದಿದ್ದಾಳೆಂದು ಹಣೆ ತುಂಬ ಭಂಡಾರ ಬಳಿದಳು. ಮುಂದಿನ ಗಳಿಗೆಯಲ್ಲಿ ಕಾಲಿಗೆ ಬೀಳುವವರ ಸಾಲು. ಒಬ್ಬ ಹೆಂಗಸು ತನ್ನ ಸೊಸೆಗೆ ಮಕ್ಕಳಾಗುತ್ತವೆಯೇ ಎಂದು ಕೇಳಿದಳಂತೆ. ಸಂಗೀತಾ ಕಣ್ಣು ಮೇಲೆ ಮಾಡಿ, ಬರತೈತಿ ತಡೀ ಎಂದಳು. ಅವಳ ತಲೆಯಲ್ಲಿ ಇದ್ದದ್ದು ಬಸ್ಸು.

ಆ ಹೆಂಗಸು ಖುಷಿಯಾಗಿ ನೈವೇದ್ಯವೆಂದು ಚೀಲದಿಂದ ಪೇಡೆ ತೆಗೆದು ಹುಡುಗಿಯ ಬಾಯಿಗೆ ಹಾಕಿದಳು. ಉಳಿದವರೂ ಹಾಕಿದರು. ಪುಣ್ಯಕ್ಕೆ ಅವಳು ಇನ್ನೂ ನುಂಗುವ ಸ್ಥಿತಿಯಲ್ಲಿದ್ದಳು. ನುಂಗಲಾರದವರ ಬಾಯಿಗೆ ಏನನ್ನೂ ಹಾಕಬಾರದು, ಒಂದು ಮಗ್ಗುಲಿಗೆ ಮಲಗಿಸಿ ದವಾಖಾನೆಗೆ ಓಡಬೇಕು. ಇದನ್ನು ಮಾತ್ರ ನೀವು ಮರೆಯಬೇಡಿ. ಸ್ವಲ್ಪ ಹೊತ್ತಿನಲ್ಲಿ ಪೇಡೆ ಕೆಲಸ ಮಾಡಿತು, ದೇವಿ ಹೋದಳು, ಸಂಗೀತಾ ಎದ್ದು ಕೂತು ತನ್ನ ಹಣೆಗೆ ಯಾರು ಅರಿಷಿಣ ಹಚ್ಚಿದರೆಂದು ಜಗಳ ತೆಗೆದಳು. ಆ ಸೊಸೆಗೆ ಮುಂದೆ ಗಂಡು ಮಗು ಆಯಿತೆಂಬ ಸುದ್ದಿಯೂ ನಮಗೆ ಮುಟ್ಟಿತು. ನಾನು ಸಾಹೇಬರಿಗೆ ಹೇಳಿದೆ. ದವಾಖಾನೆಯ ಬೋರ್ಡಿನ ಮೇಲೆ ಇದನ್ನೂ ಒಂದು ಚಿಕಿತ್ಸೆಯೆಂದು ಬರೆಸಿರಿ ಎಂದರು.

ನಾವು ನಕ್ಕೆವು. ಭರಮಪ್ಪ ನಗಲಿಲ್ಲ. ಮಗಳು ಇನ್ನು ಒಬ್ಬಳೇ ಹೊಸ್ತಿಲು ದಾಟಕೂಡದೆಂದು ಅಪ್ಪಣೆ ಮಾಡಿದ. ಅದೇ ಹೊತ್ತಿಗೆ ಅವಳಿಗೆ ರಾಯಬಾಗದ ದಾರಿಯಲ್ಲಿರುವ ಒಂದು ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕೆಲಸ ಗೊತ್ತಾಗಿತ್ತು. ಕಾಟಾ ಎಂದರೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳನ್ನು ತೂಗುವ ಕಟ್ಟೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ತೂಕದ ಚೀಟಿ ಕೊಡುವುದು ಅವಳ ಕೆಲಸ. ದೀಪಾವಳಿ ಮುಗಿದು ಕಬ್ಬಿನ ಸೀಜನ್ ಶುರುವಾದಾಗ ಸೇರಬೇಕು. ದವಾಖಾನೆಗೆ ಬಂದಾಗ ನಾನು ಅವಳ ಪರವಾಗಿ ಮಾತು ತೆಗೆದೆ.

“ಬಾಯಾರ, ಹಾರೂಗೇರ್ಯಾಗ ಪೇಡೆ ತಿನಸವ್ರು ಸಿಕ್ರು. ನಾಳೆ ಕಾಟಾದಾಗ ಯಾರ ಸಿಗತಾರ್ರಿ?” ಎಂದ ಭರಮಪ್ಪ.

ಸಂಗೀತಾ ಗೋಡೆ ನೋಡುತ್ತ ಕೂತಿದ್ದಳು. ಆಮೇಲೆ ಮೆಲ್ಲಗೆ, “ಹಂಗಾದ್ರ ನಾ ಸಾಯೂತನಾ ಅಡಗಿಮನ್ಯಾಗ ಕುಂಡರಬೇಕೇನ್ರಿ?” ಎಂದಳು. ಅವಳು ಕೇಳಿದ್ದು ಅಪ್ಪನನ್ನಲ್ಲ, ನನ್ನನ್ನು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹತ್ತಿರ ಇಮ್ತಿಯಾಜ್‌ಭಾಯಿಯ ಮೊಬೈಲ್ ರಿಪೇರಿ ಅಂಗಡಿ. ನನ್ನ ಮೊಬೈಲ್ ಅವನ ಕೈಯಲ್ಲೇ ಸತ್ತು ಹುಟ್ಟುತ್ತಿತ್ತು. ಬಿಲ್ಲೆಯನ್ನು ಅವನ ಮುಂದಿಟ್ಟು, ಇದು ತಾನಾಗಿ ಒದರುವ ಹಾಗೆ ಮಾಡಲು ಆಗುತ್ತದೆಯೇ ಎಂದು ಕೇಳಿದೆ. ಅವನು ಕೆಲವು ದಿನ ಹುಡುಕಾಡಿ ದಾರಿ ಕಂಡುಕೊಂಡ. ಬಿಲ್ಲೆಯ ಮೇಲೆ ಕೂರಿಸುವ ಇನ್ನೊಂದು ಪುಟ್ಟ ಯಂತ್ರ ಇದೆಯಂತೆ. ಕೆಲವು ನಿಮಿಷಕ್ಕೊಮ್ಮೆ ಅದು ಬಿಲ್ಲೆಯನ್ನು ಕೇಳಿ ಮೊಬೈಲಿಗೆ ಕಳಿಸುತ್ತದೆ, ಸಕ್ಕರೆ ಇಳಿದರೆ ಮೊಬೈಲ್ ಕೂಗುತ್ತದೆ. ಮನೆಯವರ ಮೊಬೈಲಿನಲ್ಲೂ ಕೂಗಿಸಬಹುದು. ದೂರದ ಊರುಗಳಲ್ಲಿ ಇದೇ ಕಾಯಿಲೆಯವರು, ಅವರ ಅಪ್ಪ ಅವ್ವಂದಿರು ಕಂಪನಿಯ ಹಾದಿ ಕಾದು ಬೇಸತ್ತು ತಾವೇ ಕೂತು ಮಾಡಿಕೊಂಡ ಉಪಾಯ ಅದು. ಕೇಳಿ ನನ್ನ ಜೀವ ತಣ್ಣಗಾಯಿತು. ಆ ಪುಣ್ಯಾತ್ಮರು ಯಾರೋ, ಎಲ್ಲಿಯವರೋ.

ಸಾಹೇಬರಿಗೆ ಹೇಳದೆ ಮಾಡುವ ಹಾಗಿರಲಿಲ್ಲ. ಹೇಳಿದೆ. ಕಂಪನಿ ಒಪ್ಪದ ಯಂತ್ರ ನಮ್ಮ ದವಾಖಾನೆಯಲ್ಲಿ ಬೇಡವೆಂದು ಹಾರಾಡಿದರು. ನಾನು ಕೆಮ್ಮಿದೆ. ಆಮೇಲೆ ಅವರು ಕನ್ನಡಕ ತೆಗೆದು ಒರೆಸುತ್ತ, “ನಾ ಈ ಮಾತು ಕೇಳೇ ಇಲ್ಲ. ಕೇಳದಿದ್ರೂ ಹೇಳ್ತೀನಿ, ಅದನ್ನ ನಂಬಿ ಇನ್ಸುಲಿನ್ ಹೆಚ್ಚುಕಡಿಮಿ ಮಾಡಬ್ಯಾಡ್ರಿ. ಅನುಮಾನ ಬಂದ್ರ ಬೆರಳು ಚುಚ್ಚಿ ನೋಡ್ರಿ,” ಎಂದರು. ಅದು ಸರಿಯಾದ ಮಾತು. ಬಿಲ್ಲೆ ಹಾಕಿದ ತೋಳಿನ ಮೇಲೆ ಮಲಗಿದರೂ ಅದು ಸಕ್ಕರೆ ಇಳಿಯಿತೆಂದು ಸುಳ್ಳು ಹೇಳುವುದುಂಟು.

ಸಾಹೇಬರು ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಎಷ್ಟಕ್ಕೆ ಇಳಿದರೆ, ಎಷ್ಟಕ್ಕೆ ಏರಿದರೆ ಕೂಗಬೇಕೆಂಬುದನ್ನು ತಾವೇ ಗೊತ್ತುಮಾಡುತ್ತೇನೆಂದು ಕೂತರು. ಪುಸ್ತಕದಲ್ಲಿದ್ದ ಹಾಗೆ ಮಾಡಿದರು. ಪರಿಣಾಮ ಏನೆಂದರೆ, ಸಂಗೀತಾ ರೊಟ್ಟಿ ತಿಂದರೆ ಮೊಬೈಲ್ ಕೂಗಿತು, ರೊಟ್ಟಿ ಕರಗಿದರೆ ಕೂಗಿತು, ಕಸ ಗುಡಿಸಿದರೂ ಕೂಗಿತು. ಮೂರನೆಯ ದಿನ ಅವಳ ಅವ್ವ ತಲೆ ಕೆಟ್ಟು ಮೊಬೈಲನ್ನು ಜೋಳದ ಡಬ್ಬಿಯೊಳಗೆ ಹುಗಿದು ಮುಚ್ಚಳ ಹಾಕಿದಳು. ಜೋಳ ಯಾಕೆ ಅಳುತ್ತಿದೆಯೆಂದು ಪಕ್ಕದ ಮನೆಯವರು ನೋಡಲು ಬಂದರಂತೆ. ನೀವು ಈ ಕೆಲಸಕ್ಕೆ ಬಂದ ಮೇಲೆ ದಿನವೂ ಕಾಣುವಿರಿ: ಎಲ್ಲದಕ್ಕೂ ಕೂಗುವ ಯಂತ್ರದ ಮಾತನ್ನು ಯಾರೂ ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ. ಸಾಹೇಬರಿಗೆ ಜೋಳದ ಕಥೆ ಹೇಳಿದೆ. ಮುಖ ಗಂಟು ಹಾಕಿಕೊಂಡು, ಅಪಾಯದ ಮಟ್ಟಕ್ಕೆ ಇಳಿಯುವ ಮೊದಲು ಒಂದೇ ಸಲ ಕೂಗಲಿ, ಉಳಿದವನ್ನೆಲ್ಲ ತೆಗೆಯಿರಿ ಎಂದರು.

ತೆಗೆದೆವು. ಉಳಿದ ಆ ಒಂದು ಕೂಗು ಗಟ್ಟಿಯಾಗಿರಬೇಕೆಂದು ಭರಮಪ್ಪನ ಹಟ. ಇಮ್ತಿಯಾಜ್ ತನ್ನ ಬಳಿ ಇದ್ದುದರಲ್ಲೆಲ್ಲ ದೊಡ್ಡ ಸೈರನ್ನನ್ನು ಅಪ್ಪ ಮಗಳ ಮೊಬೈಲಿಗೆ ತುಂಬಿ ಕೊಟ್ಟ. ಭರಮಪ್ಪ ಒಂದು ಮಾತು ಕೊಟ್ಟ: ದಸರೆಯವರೆಗೆ ಮನೆಯಲ್ಲಿ ನೋಡುತ್ತೇನೆ, ಒಮ್ಮೆಯೂ ಎಡವಟ್ಟಾಗದಿದ್ದರೆ ಕಾಟಾಕ್ಕೆ ಕಳಿಸುತ್ತೇನೆ. ಸಂಗೀತಾ ಅವತ್ತೇ ಕೆಲಸಕ್ಕೆಂದು ಡ್ರೆಸ್ ಹೊಲಿಯಲು ಹಾಕಿದಳು.

ನಮ್ಮ ಕಡೆ ಹೊಲದ ಮೋಟರಿಗೆ ಬೇಕಾದ ತ್ರೀ ಫೇಜ್ ಕರೆಂಟು ದಿನಕ್ಕೆ ಕೆಲವೇ ತಾಸು ಬರುತ್ತದೆ, ಬರುವ ಹೊತ್ತು ಅದರ ಇಷ್ಟ. ಅದಕ್ಕಾಗಿ ರೈತರು ಬಾವಿಯ ಸ್ಟಾರ್ಟರಿಗೆ ಒಂದು ಪೆಟ್ಟಿಗೆ ಹಾಕಿಸಿಕೊಂಡಿರುತ್ತಾರೆ. ಕರೆಂಟು ಬಂದ ಕೂಡಲೆ ಅದು ರೈತನ ಮೊಬೈಲಿಗೆ ತಿಳಿಸುತ್ತದೆ, ರೈತ ಇದ್ದಲ್ಲಿಂದ ಎದ್ದು ನೀರು ಹಾಯಿಸಲು ಓಡುತ್ತಾನೆ. ಉಗಾರದ ಆ ಓಣಿಯ ಎಲ್ಲರ ಪೆಟ್ಟಿಗೆಯನ್ನೂ ಜೋಡಿಸಿಕೊಟ್ಟವನು ಇಮ್ತಿಯಾಜ್. ಎಲ್ಲರಿಗೂ ಹಾಕಿದ್ದು ತನ್ನ ಬಳಿಯ ದೊಡ್ಡ ಸೈರನ್ನನ್ನೇ. ಇದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಭರಮಪ್ಪ ಉಣ್ಣುತ್ತಿದ್ದಾಗ ಕಿಸೆಯಲ್ಲಿ ಸೈರನ್ ಕೂಗಿತು. ಮನುಷ್ಯ ಎಂಜಲು ಕೈಯಲ್ಲೇ ಎದ್ದು ಹೊಲಕ್ಕೆ ಓಡಿದ. ಅವನ ಮೊಬೈಲ್ ಕೂಗಿದ್ದನ್ನು ಕೇಳಿ ಅಕ್ಕಪಕ್ಕದವರು ತಮ್ಮ ಪೆಟ್ಟಿಗೆ ಕೆಟ್ಟಿರಬೇಕೆಂದು ಬೈದುಕೊಳ್ಳುತ್ತ ಅವನ ಹಿಂದೆ ಓಡಿದರು. ಓಣಿಯಲ್ಲಿ ಒಬ್ಬ ಗಂಡಸೂ ಉಳಿಯಲಿಲ್ಲ. ಬಾವಿಯ ಹತ್ತಿರ ಹೋಗಿ ಗುಂಡಿ ಒತ್ತಿದರೆ ಮೋಟರ್ ಅಲುಗಲಿಲ್ಲ. ಭರಮಪ್ಪ ಲೈನ್‌ಮನ್ನಿಗೆ ಫೋನು ಹಚ್ಚಿ ಬಾಯಿಗೆ ಬಂದದ್ದು ಅಂದ. ಕರೆಂಟೇ ಬಂದಿಲ್ಲವೆಂದು ಲೈನ್‌ಮನ್ ಆಣೆ ಮಾಡುತ್ತಿರುವಾಗಲೇ ಸೈರನ್ ಮತ್ತೆ ಕೂಗಿತು. ಆಗ ಮೊಬೈಲಿನ ಮುಖ ನೋಡಿದ. ಅಲ್ಲಿ ಮಗಳ ಸಕ್ಕರೆ ನಲವತ್ತೆಂಟು ಎಂದಿತ್ತು, ಎಪ್ಪತ್ತರ ಕೆಳಗೆ ಇಳಿಯಬಾರದು. ಲೈನ್‌ಮನ್ನನ್ನು ಅಲ್ಲೇ ಬಿಟ್ಟು ಮನೆಯ ಕಡೆ ಓಡಿದ.

ಮನೆಯಲ್ಲಿ ಸಂಗೀತಾ ತೊಳೆದ ಪಾತ್ರೆಗಳನ್ನು ಬಟ್ಟೆಯ ಟ್ರಂಕಿನಲ್ಲಿ ಒಪ್ಪವಾಗಿ ಜೋಡಿಸುತ್ತ ಕೂತಿದ್ದಳು. ಅವಳ ಮೊಬೈಲ್ ಪಕ್ಕದಲ್ಲೇ ಹೊಯ್ಕೊಳ್ಳುತ್ತಿತ್ತು, ಅವಳಿಗೆ ಅದರ ಪರಿವೆ ಇರಲಿಲ್ಲ. ಅವ್ವ ಮೇವು ತರಲು ಹೋಗಿದ್ದಳು. ಹಗ್ಗದ ಹೊರಸಿನ ಮೇಲೆ ಮಲಗಿದ್ದ ಗಂಗವ್ವನಿಗೆ ಸೈರನ್ ಕೇಳುವ ಮಾತೇ ಇಲ್ಲ. ಭರಮಪ್ಪ ಏದುಸಿರು ಬಿಡುತ್ತ ಬಂದು ಸಕ್ಕರೆ ನೀರು ಕೊಟ್ಟರೆ ಮಗಳು ತನ್ನದು ಜಳಕ ಆಗಿದೆಯೆಂದು ಅದನ್ನು ಅವನ ಮೇಲೆಯೇ ಸುರಿದಳು. ಎರಡನೆಯ ಬಟ್ಟಲು ಹೇಗೋ ಒಳಗೆ ಇಳಿಯಿತು, ಹುಡುಗಿ ಉಳಿದಳು.

ಸಂಜೆ ಭರಮಪ್ಪ ನನಗೆ ಫೋನು ಹಚ್ಚಿ, ನಿಮ್ಮ ಬಿಲ್ಲೆ ನೀವೇ ಇಟ್ಟುಕೊಳ್ಳಿ, ಕಾಟಾದ ಮಾತು ಇಲ್ಲಿಗೆ ಮುಗಿಯಿತು ಎಂದು ಹೇಳಿ ಇಟ್ಟುಬಿಟ್ಟ. ಮರುದಿನ ನಾನು ಉಗಾರದ ಬಸ್ಸು ಹತ್ತಿದೆ. ಸಿಟ್ಟು ನನಗೂ ಬರುತ್ತದೆ.

ಹೊಲಿದು ಬಂದ ಡ್ರೆಸ್ಸು ಮಡಿಕೆ ಬಿಚ್ಚದೆ ಗೂಡಿನಲ್ಲಿತ್ತು. ಸಂಗೀತಾ ನನಗೆ ಚಹಾ ಕೊಟ್ಟಳು. ನಾನು ಪೀಠಿಕೆ ಹಾಕುವವಳಲ್ಲ.

“ಭರಮಪ್ಪಾ, ಬಿಲ್ಲೆ ಒದರಿತೋ ಇಲ್ಲೋ?”

“ಒದರಿತ್ರಿ.”

“ನೀ ಯಾ ಕಡೆ ಓಡಿದಿ?”

ಅವನು ತಲೆ ಕೆಳಗೆ ಹಾಕಿದ. “ಏನ ಮಾಡ್ಲಿ ಬಾಯಾರ, ಆ ಸಪ್ಪಳ ಕೇಳಿದ್ರ ನನ್ನ ಕಾಲು ತಾವ ಹೊಲದ ಕಡೆ ಹೊಂಡತಾವ್ರಿ.”

ಹಾಗಾದರೆ ನಿನ್ನ ಕಾಲು ಮನೆಯ ಕಡೆ ಹೊರಡುವಂಥ ಸಪ್ಪಳ ಯಾವುದು ಎಂದು ಕೇಳಿದೆ. ಬಾಗಿಲ ಸಂದಿಯಲ್ಲಿ ನಿಂತಿದ್ದ ಅವನ ಹೆಂಡತಿ, ನಾನು ಕಂಡಾಗಿನಿಂದ ಮೊದಲ ಸಲ, ಬಾಯಿ ತೆಗೆದಳು. “ನಮ್ಮ ಅತ್ತಿ ಒದರಿದ್ರ ಎಲ್ಲಿದ್ರೂ ಬರತಾರ್ರಿ.”

ಗಂಗವ್ವನ ದನಿಯನ್ನೇ ಮೊಬೈಲಿಗೆ ತುಂಬುವುದೆಂದು ಆಯಿತು. ಅದೇನೆಂದು ಅವಳ ಕಿವಿಗೆ ಹಾಕುವಷ್ಟರಲ್ಲಿ ನನ್ನ ಗಂಟಲು ಹೋಯಿತು. ತಿಳಿದ ಮೇಲೆ ಮುದುಕಿ ಸೆರಗು ಸರಿಮಾಡಿಕೊಂಡು, ಮೊಬೈಲನ್ನು ಸರಕಾರಿ ಸಾಹೇಬನಂತೆ ನೋಡುತ್ತ, ಭರಮಪ್ಪಾ, ಹುಡುಗಿಗಿ ಒಂದಿಷ್ಟು ಸಕ್ರಿ ಕೊಡಪ್ಪಾ ಎಂದು ಜೇನಿನಂಥ ದನಿಯಲ್ಲಿ ಹೇಳಿದಳು. ಆ ದನಿಗೆ ಬೆಕ್ಕೂ ಎದ್ದು ಬರುತ್ತಿರಲಿಲ್ಲ. ಸಂಗೀತಾ ಅಪ್ಪನನ್ನು ಕೊಟ್ಟಿಗೆಗೆ ಕಳಿಸಿ, ಆಯಿಯ ಕಿವಿಯಲ್ಲಿ ಬಾಯಿಟ್ಟು, ನಿನ್ನೆ ನಾನು ಬೀಳುತ್ತಿದ್ದಾಗ ಅಪ್ಪ ನನ್ನನ್ನು ಬಿಟ್ಟು ನೀರು ಹಾಯಿಸಲು ಹೋಗಿದ್ದ ಎಂದು ಹೇಳಿದಳು. ಈ ವಿಷಯ ಮುದುಕಿಗೆ ಯಾರೂ ತಿಳಿಸಿರಲಿಲ್ಲ. ಅವಳು ಹೊರಸಿನ ಮೇಲೆ ನೆಟ್ಟಗೆ ಕೂತಳು.

“ಏ ಭರಮ್ಯಾ, ಎಲ್ಲಿ ಸತ್ತಿ ಭಾಡ್ಯಾ. ನನ್ನ ಸಂಗೀ ಬೀಳಾಕತ್ತಾಳ, ಸಕ್ರಿ ಕೊಡು. ಎಲ್ಲಾ ಬಿಡು, ಮೊದ್ಲ ಸಕ್ರಿ ಕೊಡು.”

ಸಂಗೀತಾ ಮೊಬೈಲಿನ ರೆಕಾರ್ಡಿಂಗ್ ಗುಂಡಿ ಒತ್ತಿ ಹಿಡಿದಿದ್ದಳು. ಕೊಟ್ಟಿಗೆಯಿಂದ, “ಬಂದ್ನಿ ಬೇ ಯವ್ವಾ,” ಎನ್ನುತ್ತ ಭರಮಪ್ಪ ಸಗಣಿಗೈಯಲ್ಲಿ ಓಡಿ ಬಂದ. ಅಲ್ಲಿದ್ದ ನಮಗೆಲ್ಲ ನಗು ತಡೆಯಲಾಗಲಿಲ್ಲ.

ಮುಂದೆ ಎರಡು ಮೂರು ಸಲ ಸಕ್ಕರೆ ಇಳಿಯಿತು. ಮೊಬೈಲಿನಲ್ಲಿ ಗಂಗವ್ವ ಒದರಿದಳು, ಭರಮಪ್ಪ ಕಬ್ಬಿನೊಳಗಿಂದ ಬಂದ್ನಿ ಬೇ ಎಂದು ಓಗೊಟ್ಟು ಓಡಿ ಬಂದ, ಹೊರಸಿನ ಮೇಲಿದ್ದ ನಿಜವಾದ ಗಂಗವ್ವ ನಾನೆಲ್ಲಿ ಕರೆದೆ ಎಂದು ಬೈದಳು. ದಸರೆ ಕಳೆಯಿತು. ಭರಮಪ್ಪ ಮಾತ್ರ ಕಾಟಾದ ಮಾತು ಬಂದರೆ ನೋಡೋಣ ಎನ್ನುತ್ತಿದ್ದ. ಗಂಗವ್ವ ಮೊಮ್ಮಗಳ ಕಡೆ. “ಹೋಗ್ಲಿ ಬಿಡೋ. ನಾ ನಿನ್ನ ಕಿಸೆದಾಗ ಅದೀನಲ್ಲ,” ಎಂದು ಹೇಳಿದಳಂತೆ. ಮಗ ಅದಕ್ಕೂ ನೋಡೋಣ ಎಂದ.

ದೀಪಾವಳಿ ಹತ್ತಿರ ಬಂದಾಗ ಗಂಗವ್ವ ತೀರಿಕೊಂಡಳು. ಬೆಳಗಿನ ಚಹಾ ಕುಡಿದು ಮಲಗಿದವಳು ಏಳಲಿಲ್ಲ. ಸುದ್ದಿ ಕೇಳಿ ನಾನು ಸಿಕ್ಕ ಬಸ್ಸು ಹತ್ತಿ ಹೋದೆ. ಪಡಸಾಲೆಯಲ್ಲಿ ಹೆಣ ಮಲಗಿಸಿದ್ದರು. ಭಜನೆಯವರು ತಾಳ ಹಿಡಿದು ಕೂತಿದ್ದರು. ಇಚಲಕರಂಜಿಯಿಂದ ಗಂಗವ್ವನ ಮಗಳು ಬರಬೇಕಾಗಿತ್ತು, ಅವಳಿಗಾಗಿ ಎಲ್ಲರೂ ಕಾಯುತ್ತಿದ್ದರು. ಭರಮಪ್ಪ ತಾಯಿಯ ತಲೆಯ ಹತ್ತಿರ ಗೋಡೆಗೆ ಒರಗಿ ಕೂತಿದ್ದ. ಅಳುತ್ತಿರಲಿಲ್ಲ, ಯಾರು ಮಾತಾಡಿಸಿದರೂ ಹೂಂ ಎನ್ನುತ್ತಿರಲಿಲ್ಲ. ಸಂಗೀತಾ ಆಯಿಯ ಕಾಲು ಹಿಡಿದು ಕೂತಿದ್ದಳು.

ಅವಳ ಮುಖ ನೋಡಿ ನನಗೆ ಅನುಮಾನ ಬಂತು. ಹೆಣ ಇರುವ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಎತ್ತುವ ತನಕ ಮನೆಯವರು ಬಾಯಿಗೆ ಏನನ್ನೂ ಹಾಕುವುದಿಲ್ಲ. ಹುಡುಗಿ ರೂಢಿಯಂತೆ ಬೆಳಗ್ಗೆ ಎದ್ದವಳೇ ಇನ್ಸುಲಿನ್ ಚುಚ್ಚಿಕೊಂಡಿರಬೇಕು, ನ್ಯಾರಿ, ಅಂದರೆ ಬೆಳಗಿನ ತಿಂಡಿ, ಮಾಡುವ ಮೊದಲೇ ಹೀಗಾಗಿರಬೇಕು. ಹತ್ತಿರ ಹೋಗಿ ಕೇಳಿದೆ. ಅವಳು ನನ್ನನ್ನು ಗುರುತಿಸದವಳಂತೆ ನೋಡಿದಳು. ಒಂದಿಷ್ಟು ಸಕ್ಕರೆ ತನ್ನಿ ಎಂದು ಪಕ್ಕದಲ್ಲಿದ್ದ ಹಿರಿಯ ಹೆಂಗಸಿಗೆ ಹೇಳಿದೆ. ಭರಮಪ್ಪನ ಸೋದರತ್ತೆ ಆಕೆ, ಅವತ್ತಿನ ಯಜಮಾನಿಕೆ ಅವಳದು. ಹೆಣ ಎತ್ತುವ ತನಕ ಹನಿ ನೀರೂ ಮುಟ್ಟುವ ಹಾಗಿಲ್ಲ, ನೀವು ಸುಮ್ಮನೆ ಕೂಡ್ರಿ ಎಂದು ನನಗೇ ಗದರಿದಳು. ನಾನು ಸೆರಗು ಕಟ್ಟಿ ಎದ್ದೆ. ಸಾವಿನ ಮನೆಯಲ್ಲಿ ಜಗಳವಾದರೆ ಆಗಲಿ, ಎರಡು ಹೆಣ ಎತ್ತುವುದಕ್ಕಿಂತ ವಾಸಿ ಎಂದುಕೊಂಡೆ.

ನಾನು ಬಾಯಿ ತೆಗೆಯುವ ಮೊದಲೇ ಗಂಗವ್ವ ತೆಗೆದಳು.

“ಏ ಭರಮ್ಯಾ, ಎಲ್ಲಿ ಸತ್ತಿ ಭಾಡ್ಯಾ.”

ತಾಳ ನಿಂತವು. ಒಬ್ಬನ ಕೈಯಿಂದ ದಮ್ಮಡಿ ಉರುಳಿ ಹೆಣದ ಹತ್ತಿರ ಹೋಗಿ ಬಿತ್ತು, ತೆಗೆದುಕೊಳ್ಳಲು ಯಾರಿಗೂ ಧೈರ್ಯವಾಗಲಿಲ್ಲ. ಬಾಗಿಲಲ್ಲಿ ಕೂತಿದ್ದವರು ಚಪ್ಪಲಿ ಬಿಟ್ಟು ಕಾಲಿಗೆ ಬುದ್ಧಿ ಹೇಳಿದರು. ಎಲ್ಲರೂ ಹೆಣದ ಬಾಯಿ ನೋಡುತ್ತಿದ್ದರು.

“ಬಂದ್ನಿ ಬೇ ಯವ್ವಾ,” ಎಂದ ಭರಮಪ್ಪ.

ಎದ್ದ, ಒಳಗೆ ಹೋದ, ಸಕ್ಕರೆಯ ಡಬ್ಬಿಯನ್ನೇ ಎತ್ತಿಕೊಂಡು ಬಂದ. ಸೋದರತ್ತೆ ಅಭ್ಯಾಸಬಲದಿಂದ ಕೈ ಅಡ್ಡ ಮಾಡಿದಳು. ಅವನ ಕಿಸೆಯಿಂದ ಗಂಗವ್ವ ಮತ್ತೆ ಒದರಿದಳು: ಎಲ್ಲಾ ಬಿಡು, ಮೊದ್ಲ ಸಕ್ರಿ ಕೊಡು. ಆ ಹೆಂಗಸಿನ ಕೈ ತಾನಾಗಿ ಕೆಳಗಿಳಿಯಿತು. ಕೊಡು ಕೊಡು, ಮುದುಕಿ ತಾನೇ ಹೇಳ್ಯಾಳಲ್ಲ ಎಂದು ಅವಳೇ ನೀರಿನ ತಂಬಿಗೆ ತಂದಳು. ಸಕ್ಕರೆ ಕದಡಿ ನಾನು ಹುಡುಗಿಗೆ ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಅವಳ ಕಣ್ಣಿಗೆ ಬೆಳಕು ಬಂತು. ಅವಳು ನನ್ನನ್ನು ನೋಡಿ, ಅಪ್ಪನನ್ನು ನೋಡಿ, ಆಯಿಯನ್ನು ನೋಡಿ ಗಳಗಳನೆ ಅತ್ತಳು. ಆಗ ಭರಮಪ್ಪನಿಗೂ ಅಳು ಬಂತು. ಇಷ್ಟು ವರ್ಷದ ನೌಕರಿಯಲ್ಲಿ ರೋಗಿಯ ಮನೆಯಲ್ಲಿ ನಾನು ಅತ್ತವಳಲ್ಲ. ಅವತ್ತು ಅತ್ತೆ, ನಡುವೆ ನಗುವೂ ಬಂತು, ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡೆ.

ಸೀಜನ್ ಶುರುವಾದ ದಿನ ಭರಮಪ್ಪ ತಾನೇ ಗಾಡಿಯ ಮೇಲೆ ಕೂರಿಸಿಕೊಂಡು ಮಗಳನ್ನು ಕಾಟಾಕ್ಕೆ ಬಿಟ್ಟು ಬಂದ. ಅವಳ ಮೊಬೈಲಿನಲ್ಲೂ ಆಯಿಯದೇ ದನಿ. ಅವಳು ಕೂತ ಕೋಣೆಯಿಂದ ಎಲ್ಲಿ ಸತ್ತಿ ಭಾಡ್ಯಾ ಎಂದು ಮೊದಲ ಸಲ ಕೇಳಿಸಿದಾಗ ಸಾಲಿನಲ್ಲಿದ್ದ ಟ್ರ್ಯಾಕ್ಟರಿನವನೊಬ್ಬ ತನಗೇ ಬೈದಳೆಂದು ಜಗಳಕ್ಕೆ ಇಳಿದನಂತೆ. ಈಗ ಆ ದನಿ ಕೇಳಿದರೆ ಸಾಲಿನವರು ಹಾರ್ನ್ ಹೊಡೆಯುವುದನ್ನು ನಿಲ್ಲಿಸಿ, ಅಕ್ಕಾರ, ಮೊದ್ಲ ಸಕ್ರಿ ತಿನ್ರಿ ಎಂದು ಕಾಯುತ್ತಾರೆ.

ನಾನು ನಿವೃತ್ತಳಾಗುವ ಹೊತ್ತಿಗೆ ಹೊಸ ಬಿಲ್ಲೆ ಬಂತು. ಕೇಳದಿದ್ದರೂ ತಾನಾಗಿ ಕೂಗುತ್ತದೆ, ಮೇಲೆ ಬೇರೆ ಯಂತ್ರ ಕಟ್ಟುವ ರಗಳೆ ಇಲ್ಲ. ಅದೇ ಟೈ ಕಟ್ಟಿದವನು ಚಿಕ್ಕೋಡಿಗೆ ಬಂದು, ಈಗ ಅಲಾರಂ ಇದೆ ಮೇಡಂ ಎಂದು ತಾನೇ ಹೆತ್ತವನ ಹಾಗೆ ಬೀಗಿದ. ಸಂಗೀತಾಳಿಗೆ ಅದನ್ನೇ ಹಾಕಿದೆವು, ಹಾಕಲೇಬೇಕು, ಅದು ಹಳೆಯದಕ್ಕಿಂತ ಒಳ್ಳೆಯದು. ಅವನು ಅದರ ಕೂಗನ್ನು ಭರಮಪ್ಪನಿಗೆ ಕೇಳಿಸಿದ. ಪೀಂ ಪೀಂ ಎಂದಿತು.

“ಇದು ಯಾರ ಹೆಸರ ಹಿಡದ ಒದರಾಕತ್ತೈತ್ರಿ?” ಎಂದು ಕೇಳಿದ ಭರಮಪ್ಪ.

ಟೈನವನ ಹತ್ತಿರ ಅದಕ್ಕೆ ಚಿತ್ರ ಇರಲಿಲ್ಲ. ಸಾಹೇಬರು ನನ್ನ ಕಡೆ ನೋಡಿ, ಈ ಸಲ ತಾವೇ ಕೆಮ್ಮಿದರು. ನಾವು ಇಮ್ತಿಯಾಜನನ್ನು ಕರೆಸಿದೆವು. ಮಗಳ ಬಿಲ್ಲೆ ಹೊಸದಾಗಿಯೇ ಇರಲಿ, ಅಪ್ಪನ ಮೊಬೈಲಿಗೆ ಮಾತ್ರ ಹಳೆಯ ದನಿಯೇ ಬರಲಿ ಎಂದು ಅವನು ಅರ್ಧ ದಿನ ತಲೆ ಕೆರೆದುಕೊಂಡು ಜೋಡಿಸಿಕೊಟ್ಟ. ಭರಮಪ್ಪ ಇವತ್ತಿಗೂ ಕಬ್ಬಿನ ನಡುವೆ ನಿಂತು ಬಂದ್ನಿ ಬೇ ಯವ್ವಾ ಎನ್ನುತ್ತಾನೆ, ಆಮೇಲೆ ಕಾಟಾಕ್ಕೆ ಫೋನು ಹಚ್ಚಿ, ನಿಮ್ಮ ಆಯಿ ಕರ್ಯಾಕತ್ತಾಳ, ತಿಂದಿ ಏನ ಎಂದು ಮಗಳನ್ನು ಕೇಳುತ್ತಾನೆ.